ಪದವಿಯ ತರುವಾಯ ಯಾವ ಊರು?

ಅಂತಿಮ ತರಗತಿಗೆ ಬಂದ ನಮ್ಮನ್ನು ಹಿರಿಯರು ಕೇಳುವ ಪ್ರಶ್ನೆ ಒಂದೇ: "ಮುಂದೇನು?" ನಾವು ಕೊಡುವ ಉತ್ತರವೂ ಹೆಚ್ಚುಕಡಮೆ ಒಂದೇ: "ಬೆಂಗಳೂರಿನಲ್ಲೇ ಏನಾದರೂ ನೋಡಬೇಕು." ಕೆಲಸ ಯಾವುದೆಂಬುದು ಗೊತ್ತಾಗುವ ಮೊದಲೇ ಊರು ನಿಶ್ಚಯವಾಗಿರುತ್ತದೆ. ಈ ನಿಶ್ಚಯವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ನಾನು ಧಾರವಾಡದ ಕಡೆಯವನು. ಚಾಮರಾಜಪೇಟೆಯಲ್ಲಿ ಕಾಕಾ ಅವರ ಮನೆಯಲ್ಲಿದ್ದು ಓದುತ್ತಿರುವವನು. ಎರಡು ಊರುಗಳ ಋಣವೂ ನನ್ನ ಮೇಲಿದೆ.

ಬೆಂಗಳೂರು ಎಂದೆಂದೂ ಮಹಾನಗರವಾಗಿರಲಿಲ್ಲ. ಚಾಮರಾಜಪೇಟೆ ರೂಪುಗೊಂಡುದು 1892ರಲ್ಲಿ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. 1951ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 7.8 ಲಕ್ಷ ಮಂದಿ. 2011ರ ಗಣತಿಯಲ್ಲಿ ಹುಬ್ಬಳ್ಳಿ–ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ. ಎಂದರೆ, ಹಿರಿಯರು ಹಂಬಲಿಸಿ ನೆನೆಯುವ ಆ ಬೆಂಗಳೂರು ಇಂದಿನ ಹುಬ್ಬಳ್ಳಿ–ಧಾರವಾಡಕ್ಕಿಂತ ಚಿಕ್ಕದು! ವಠಾರದ ಮನೆಯಿಂದ ಹೊರಟ ಗುಮಾಸ್ತರು ಸೈಕಲ್ಲಿನಲ್ಲಿ ಕಚೇರಿ ಸೇರಿ, ಸಂಜೆ ಗಾಂಧೀಬಜಾರಿನಲ್ಲಿ ತರಕಾರಿ ಕೊಂಡು, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದ ಕಾಲವದು. ಆಮೇಲೆ ಊರನ್ನು ಹಿಗ್ಗಿಸಿದ್ದು ಉದ್ಯೋಗ. ವಿಮಾನ ಕಾರ್ಖಾನೆ 1940ರಲ್ಲಿ, ಐ.ಟಿ.ಐ. 1948ರಲ್ಲಿ, ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಹುಟ್ಟಿದವು. ಉದ್ಯೋಗವಿದ್ದಲ್ಲಿಗೆ ಜನ ಬಂದರು. 2011ರ ವೇಳೆಗೆ ಊರು 84 ಲಕ್ಷವಾಯಿತು.

ಈಗ ಲೆಕ್ಕಕ್ಕೆ ಬರೋಣ. ನಮ್ಮಂಥ ಕಲಾ ಪದವೀಧರರು ಬಯಸುವ ಸರ್ಕಾರಿ ಗುಮಾಸ್ತೆಯ ಕೆಲಸಕ್ಕೆ ಮೂಲವೇತನ ರಾಜ್ಯದಾದ್ಯಂತ ಒಂದೇ. ಊರಿಗೆ ತಕ್ಕಂತೆ ಬದಲಾಗುವ ಮುಖ್ಯ ಭತ್ಯ ಮನೆಬಾಡಿಗೆಯದು. 2024ರ ವೇತನ ಪರಿಷ್ಕರಣೆಯಂತೆ ಅದು ಬೆಂಗಳೂರಿನಲ್ಲಿ ಮೂಲವೇತನದ ಶೇಕಡ 20, ಹುಬ್ಬಳ್ಳಿ–ಧಾರವಾಡದಂಥ ನಗರದಲ್ಲಿ ಶೇಕಡ 15. ಮೂಲವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ ಇಲ್ಲಿ ದೊರೆಯುವುದು 8,000, ಅಲ್ಲಿ 6,000. ಅಂತರ ತಿಂಗಳಿಗೆ 2,000 ಮಾತ್ರ. ಬಸವನಗುಡಿಯ ಎರಡು ಕೋಣೆಯ ಮನೆಗೂ ಧಾರವಾಡದ ಅಂಥದೇ ಮನೆಗೂ ಬಾಡಿಗೆಯಲ್ಲಿರುವ ಅಂತರವನ್ನು ಈ ಹಣ ತುಂಬಲಾರದು. ಮುಂಗಡದ ಮಾತಂತೂ ಬೇರೆಯೇ. ಹೀಗೆ, ಹೆಚ್ಚು ಭತ್ಯ ಪಡೆದವನೇ ತಿಂಗಳ ಕೊನೆಯಲ್ಲಿ ಹೆಚ್ಚು ಬಡವನಾಗುವುದುಂಟು. ಬಸ್ಸಿನಲ್ಲಿ ಕಳೆಯುವ ಹೊತ್ತಿಗೆ ಯಾವ ಭತ್ಯವೂ ಇಲ್ಲ.

ಆದರೆ ಅಲ್ಲಿ ಕೆಲಸವುಂಟೆ? ಉಂಟು, ಮಿತವಾಗಿ ಉಂಟು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿದೆ. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಪೀಠ ಬಂದಿತು. ವಕೀಲರು, ಬೆರಳಚ್ಚುಗಾರರು, ಅನುವಾದಕರು ಅದರ ಆಸರೆಯಲ್ಲಿ ಬದುಕುತ್ತಾರೆ. ವಿಶ್ವವಿದ್ಯಾಲಯಗಳು, ಶಾಲೆಗಳು, ಬ್ಯಾಂಕುಗಳು ಸರಿಯೇ ಸರಿ. ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯಾಸಕ್ಕೆಂದು ಸಪ್ತಾಪುರದ ಓಣಿಗಳಲ್ಲಿ ಕೋಣೆ ಹಿಡಿದಿರುವ ತರುಣರನ್ನು ನೋಡಿದರೆ, ಪರೀಕ್ಷೆಗೆ ಓದಲು ಬೆಂಗಳೂರೇ ಬೇಕೆಂಬ ಭ್ರಮೆ ಹರಿಯುತ್ತದೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಚಿಕ್ಕ ಊರಿನಲ್ಲಿ ಖಾಸಗಿ ಕೆಲಸವೊಂದು ತಪ್ಪಿದರೆ ಮರುದಿನ ತಟ್ಟಲು ಮತ್ತೊಂದು ಬಾಗಿಲು ಸುಲಭವಾಗಿ ಸಿಗದು. ಇಲ್ಲಿ ಹತ್ತು ಬಾಗಿಲುಗಳಿವೆ. ಗಂಡಹೆಂಡಿರಿಬ್ಬರೂ ದುಡಿಯಬೇಕಾದ ಈ ಕಾಲದಲ್ಲಿ ಇಬ್ಬರಿಗೂ ಅಲ್ಲಿಯೇ ತಕ್ಕ ಕೆಲಸ ದೊರೆಯುವುದು ಅದೃಷ್ಟವೇ ಸರಿ. ಪತ್ರಿಕೆ, ಪ್ರಕಾಶನ, ಚಲನಚಿತ್ರಗಳ ಕಡೆ ಒಲವುಳ್ಳವರಿಗೆ ರಾಜಧಾನಿಯನ್ನು ಬಿಡೆಂದು ನಾನು ಹೇಳಲಾರೆ. ಊರಿನವರೆಲ್ಲ ಪರಿಚಿತರೆಂಬುದು ಕಾಯಿಲೆ ಬಿದ್ದಾಗ ಸುಖ. ಸ್ವಂತ ಇಷ್ಟದಂತೆ ನಡೆಯಹೊರಟಾಗ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಷ್ಟ.

ಆದುದರಿಂದ ಎಲ್ಲರೂ ಹಿಂದಿರುಗಬೇಕೆಂಬುದು ನನ್ನ ವಾದವಲ್ಲ. ಮೊದಲು ಕೆಲಸವನ್ನು ನಿಶ್ಚಯಿಸೋಣ, ಆಮೇಲೆ ಊರನ್ನು. ಸಂಬಳವನ್ನು ಮಾತ್ರ ನೋಡದೆ ಬಾಡಿಗೆ ಕೊಟ್ಟ ಮೇಲೆ ಉಳಿಯುವುದನ್ನೂ, ಕಚೇರಿ ಬಿಟ್ಟ ಮೇಲೆ ಉಳಿಯುವ ಹೊತ್ತನ್ನೂ ಎಣಿಸೋಣ. ನಾನು ಎಣಿಸಿದ್ದೇನೆ, ಅಧ್ಯಾಪಕನಾಗಬೇಕೆಂಬ ನನಗೆ ಧಾರವಾಡವೇ ಲಾಭವೆಂದು ತೋರಿದೆ. ಊರಿಗೆ ಮರಳುವವನನ್ನು ಸೋತು ಬಂದವನೆಂದು ಕಾಣುವ ರೂಢಿಯೊಂದು ನಮ್ಮಲ್ಲಿದೆ. ಆ ರೂಢಿಗೆ ಅಂಜಿ ಲೆಕ್ಕ ತಪ್ಪಿಸಿಕೊಳ್ಳಬಾರದೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ.