ಆಕ್ಸಲ್ ಜಾಯಿಂಟ್

ಆಕ್ಸಲ್ ಜಾಯಿಂಟ್ ಅಥವಾ ಅಚ್ಚಿನ ಕೀಲು ಎಂಬುದು ಮೋಟಾರು ವಾಹನದ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ತಿರುಗುಬಲವನ್ನು ಒಯ್ಯುವ ದಂಡದಲ್ಲಿರುವ, ಬಾಗಬಲ್ಲ ಜೋಡಣೆಯಾಗಿದೆ. ಚಕ್ರವು ಹಳ್ಳ-ದಿಣ್ಣೆಗಳಿಗೆ ತಕ್ಕಂತೆ ಏರಿಳಿದಾಗಲೂ, ಎಡಬಲಕ್ಕೆ ಹೊರಳಿದಾಗಲೂ ದಂಡವು ತಡೆಯಿಲ್ಲದೆ ತಿರುಗುವಂತೆ ಮಾಡುವುದು ಇದರ ಕೆಲಸ. ಹಳೆಯ ಕಾರುಗಳಲ್ಲಿ, ವಿಶೇಷವಾಗಿ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ, ಈ ಕೀಲು ಸವೆದು ಸದ್ದು ಮಾಡುವುದು ಸಾಮಾನ್ಯ. ಸದ್ದನ್ನು ಕಡೆಗಣಿಸಿದರೆ ಕೀಲು ಮುರಿದು ವಾಹನವು ನಿಂತಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿದ್ದರೆ ಹಿಂದಕ್ಕೆ ಉರುಳುವ ಅಪಾಯವೂ ಉಂಟು.

ವಿಧಗಳು ಮತ್ತು ಇತಿಹಾಸ

ಈ ಕೀಲುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಯೂನಿವರ್ಸಲ್ ಜಾಯಿಂಟ್. ಇದನ್ನು ಗ್ಯಾರೇಜುಗಳಲ್ಲಿ ‘ಕ್ರಾಸ್’ ಎಂದು ಕರೆಯುತ್ತಾರೆ. ಕೂಡುಚಿಹ್ನೆಯಂತಿರುವ ಉಕ್ಕಿನ ತುಂಡಿನ ನಾಲ್ಕು ತುದಿಗಳಿಗೆ ಸೂಜಿ ಬೇರಿಂಗುಗಳನ್ನು ತೊಡಿಸಿ ಇದನ್ನು ರಚಿಸಲಾಗುತ್ತದೆ. ಇಟಲಿಯ ಕಾರ್ಡಾನೊ ಮತ್ತು ಇಂಗ್ಲೆಂಡಿನ ರಾಬರ್ಟ್ ಹುಕ್ ಅವರ ಹೆಸರುಗಳು ಇದರೊಂದಿಗೆ ಸೇರಿಕೊಂಡಿವೆ. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿಯನ್ನು ಕೊಡುವ ದಂಡದ ಎರಡೂ ತುದಿಗಳಲ್ಲಿರುವುದು ಇದೇ ಕೀಲು. ಆದುದರಿಂದ ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿಯಂತಹ ಕೃಷಿಪ್ರದೇಶಗಳಲ್ಲಿ ಇದು ಎಲ್ಲರ ಕಣ್ಣಿಗೆ ಬಿದ್ದಿರುವ ವಸ್ತುವೇ ಆಗಿದೆ.

ಯೂನಿವರ್ಸಲ್ ಜಾಯಿಂಟಿನಲ್ಲಿ ಒಂದು ಸಹಜ ಕೊರತೆಯಿದೆ. ಕೀಲು ಬಾಗಿರುವಾಗ ಒಂದು ದಂಡ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ದಂಡದ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಹೆಚ್ಚಿ, ಎರಡು ಬಾರಿ ತಗ್ಗುತ್ತದೆ. 30 ಡಿಗ್ರಿ ಬಾಗಿದಾಗ ಈ ವೇಗವು ಮೂಲವೇಗದ ಸುಮಾರು 0.87ರಿಂದ 1.15 ಪಟ್ಟಿನವರೆಗೆ ಏರುಪೇರಾಗುತ್ತದೆ. ತಿರುವಿನಲ್ಲಿ ಬಹಳ ಹೊರಳಬೇಕಾದ ಮುಂಚಕ್ರಕ್ಕೆ ಇದು ಹೊಂದುವುದಿಲ್ಲ.

ಈ ಕೊರತೆಯನ್ನು ನಿವಾರಿಸುವುದು ಎರಡನೆಯ ಬಗೆಯಾದ ಸ್ಥಿರವೇಗದ ಕೀಲು, ಅಂದರೆ ಸಿ.ವಿ. ಜಾಯಿಂಟ್. 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ರೂಪಿಸಿದ ಕೀಲಿನಲ್ಲಿ ಬಾಗಿದ ಕಾಲುವೆಗಳಲ್ಲಿ ಚಲಿಸುವ ಉಕ್ಕಿನ ಗುಂಡುಗಳು ಬಲವನ್ನು ಸಾಗಿಸುತ್ತವೆ. ಇಂದಿನ ರೂಪದಲ್ಲಿ ಸಾಮಾನ್ಯವಾಗಿ ಆರು ಗುಂಡುಗಳಿರುತ್ತವೆ. 1959ರ ಬ್ರಿಟಿಷ್ ಮಿನಿ ಕಾರಿನ ಬಳಿಕ ಇದು ಸಣ್ಣ ಕಾರುಗಳಲ್ಲಿ ವ್ಯಾಪಕವಾಯಿತು.

ಭಾರತದಲ್ಲಿ

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಹಿಂಚಕ್ರಗಳಿಗೆ ಚಾಲನೆಯಿದ್ದು, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಕ್ರಾಸುಗಳಿದ್ದವು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಹಿಂಭಾಗದ ಅರ್ಧ ಅಚ್ಚುಗಳಲ್ಲಿಯೂ ಕ್ರಾಸುಗಳಿದ್ದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂಚಕ್ರ ಚಾಲನೆಯದಾಗಿದ್ದು, ಅದರೊಂದಿಗೆ ಸಿ.ವಿ. ಜಾಯಿಂಟ್ ಎಂಬ ಮಾತು ಸಾಮಾನ್ಯ ಗ್ಯಾರೇಜುಗಳಿಗೂ ತಲುಪಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಹೊರತಂದ ಎರಡು ಆಸನಗಳ ಸ್ಪೋರ್ಟ್ಸ್ ಕಾರು ಸ್ಯಾನ್ ಸ್ಟಾರ್ಮ್ ಕೂಡ ಮುಂಚಕ್ರ ಚಾಲನೆಯದು. ಅದರಲ್ಲಿ ಫೈಬರ್ ಹೊರಮೈ ಮತ್ತು 1149 ಸಿ.ಸಿ. ರೆನೊ ಎಂಜಿನ್ ಇದ್ದವು.

ಸವೆತದ ಕಾರಣಗಳು

ಸಿ.ವಿ. ಜಾಯಿಂಟನ್ನು ಮಡಿಕೆಗಳುಳ್ಳ ರಬ್ಬರ್ ಬೂಟು ಮುಚ್ಚಿರುತ್ತದೆ. ಅದರೊಳಗೆ ಗ್ರೀಸ್ ತುಂಬಿರುತ್ತದೆ. ವಯಸ್ಸಾದ ರಬ್ಬರು ಬಿರುಕು ಬಿಟ್ಟಾಗ, ಇಲ್ಲವೇ ಕಲ್ಲು ಮುಳ್ಳು ತಾಗಿ ಹರಿದಾಗ, ಗ್ರೀಸ್ ಹೊರಚಿಮ್ಮಿ ಮಣ್ಣು ನೀರು ಒಳಸೇರುತ್ತವೆ. ಆಗ ಗುಂಡುಗಳು ಓಡುವ ಕಾಲುವೆಗಳು ಬೇಗ ಸವೆಯುತ್ತವೆ. ಹಲವು ವೇಳೆ ಕೀಲಿನ ನಾಶಕ್ಕೆ ಮೂಲವಾಗುವುದು ಅಲ್ಪಬೆಲೆಯ ಈ ರಬ್ಬರಿನ ಬಿರುಕೇ. ಹೆಚ್ಚು ಓಡದೆ ವರ್ಷಗಟ್ಟಲೆ ನಿಂತ ಕಾರಿನಲ್ಲಿಯೂ ರಬ್ಬರು ಒಣಗುವುದರಿಂದ, ಓಡಿದ ದೂರ ಕಡಿಮೆಯೆಂದು ನಿಶ್ಚಿಂತರಾಗುವಂತಿಲ್ಲ.

ಸದ್ದಿನಿಂದ ದೋಷವನ್ನು ಗುರುತಿಸುವುದು

ಸದ್ದು ಯಾವಾಗ ಹುಟ್ಟುತ್ತದೆ ಎಂಬುದು ಸದ್ದಿನ ಬಗೆಗಿಂತಲೂ ಮುಖ್ಯವಾದ ಸುಳಿವು.

* ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ ಸಾಗುವಾಗ ಲಯಬದ್ಧವಾದ ‘ಟಕ್ ಟಕ್’ ಸದ್ದು ಬಂದರೆ, ಚಕ್ರದ ಬಳಿಯ ಹೊರಗಿನ ಸಿ.ವಿ. ಜಾಯಿಂಟ್ ಸವೆದಿರುವ ಸಂಭವ ಹೆಚ್ಚು.
* ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಒಂದೇ ಒಂದು ‘ದಡ್’ ಸದ್ದು ಬಂದರೆ ಒಳಗಿನ ಕೀಲು ಅಥವಾ ಕ್ರಾಸ್ ಸಡಿಲವಾಗಿರಬಹುದು. ಎಂಜಿನ್ ಮೌಂಟ್ ಹರಿದರೂ ಇದೇ ಸದ್ದು ಬರುತ್ತದೆ.
* ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ನಡುಕ ಬಂದು, ಆಕ್ಸಿಲರೇಟರ್ ಬಿಟ್ಟೊಡನೆ ತಗ್ಗಿದರೆ ಒಳಗಿನ ಕೀಲನ್ನು ಶಂಕಿಸಬೇಕು.
* ಗ್ರೀಸ್ ಒಣಗಿದ ಕ್ರಾಸ್ ಮೆಲ್ಲಗೆ ಸಾಗುವಾಗ ಚಕ್ರದ ಲಯಕ್ಕೆ ‘ಕೀಚ್ ಕೀಚ್’ ಎನ್ನುತ್ತದೆ.
* ವೇಗದೊಂದಿಗೆ ಏರುವ ಗುಂಯ್ಗುಡುವಿಕೆ ಚಕ್ರದ ಬೇರಿಂಗಿನ ಲಕ್ಷಣ. ಒಂದು ಬದಿಗೆ ತಿರುಗಿದಾಗ ಅದು ಹೆಚ್ಚಿ, ಇನ್ನೊಂದು ಬದಿಗೆ ತಿರುಗಿದಾಗ ತಗ್ಗಬಹುದು.

ಪರೀಕ್ಷೆಯ ಕ್ರಮ

ಮೊದಲು ವಾಹನವನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ವೇಗವನ್ನು ಏರಿಸಿ ಕೇಳಬೇಕು. ಆಗಲೂ ಸದ್ದಿದ್ದರೆ ದೋಷವು ಎಂಜಿನ್, ಕ್ಲಚ್ ಅಥವಾ ಗೇರ್‌ಬಾಕ್ಸಿನ ಕಡೆಗಿದೆ. ಚಕ್ರ ಉರುಳಿದಾಗ ಮಾತ್ರ ಬಂದರೆ ಅಚ್ಚು, ಬೇರಿಂಗ್ ಅಥವಾ ಬ್ರೇಕುಗಳ ಕಡೆಗಿದೆ. ಬಳಿಕ ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನವಾಗಿ ಸುತ್ತಬೇಕು. ಸಾಮಾನ್ಯವಾಗಿ ತಿರುವಿನ ಹೊರಬದಿಯ ಚಕ್ರದ ಕೀಲು ಹೆಚ್ಚು ಸದ್ದು ಮಾಡುತ್ತದೆಯಾದರೂ, ಕಿವಿಯ ತೀರ್ಪನ್ನೇ ನೆಚ್ಚದೆ ಎರಡೂ ಬದಿಗಳನ್ನು ಕಣ್ಣಾರೆ ನೋಡುವುದು ಒಳ್ಳೆಯದು.

ಕೊನೆಯ ಹಂತದಲ್ಲಿ ವಾಹನವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ ಪರೀಕ್ಷಿಸಬೇಕು. ಬರೀ ಜಾಕನ್ನು ನಂಬಿ ವಾಹನದಡಿ ನುಸುಳುವುದು ಪ್ರಾಣಾಪಾಯ. ಚಕ್ರದ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಬೂಟು ಹರಿದಿದೆ ಎಂದರ್ಥ. ಚಕ್ರವನ್ನು ಅಲುಗದಂತೆ ಹಿಡಿದು ದಂಡವನ್ನು ಕೈಯಿಂದ ತಿರುಚಿದಾಗ ಕೀಲಿನಲ್ಲಿ ಎದ್ದುಕಾಣುವ ಸಡಿಲವಿದ್ದರೆ ಸವೆತ ಖಚಿತವಾಗುತ್ತದೆ.

ಕೀಲು ಮುರಿದಾಗ

ಕೀಲು ಮುರಿದರೆ ಎಂಜಿನ್ ಓಡುತ್ತದೆ, ಗೇರೂ ಬೀಳುತ್ತದೆ, ಆದರೆ ವಾಹನ ಕದಲುವುದಿಲ್ಲ. ಇದನ್ನು ಹಲವರು ಕ್ಲಚ್ ಸುಟ್ಟಿದೆಯೆಂದು ತಪ್ಪಾಗಿ ತಿಳಿಯುತ್ತಾರೆ. ಗೇರ್‌ಬಾಕ್ಸಿನಿಂದ ಚಾಲನೆ ಪಡೆಯುವ ಸ್ಪೀಡೋಮೀಟರ್ ಇರುವ ಹಳೆಯ ಕಾರುಗಳಲ್ಲಿ ಇದಕ್ಕೊಂದು ಸುಲಭ ಪರೀಕ್ಷೆಯಿದೆ. ನಿಂತ ಕಾರಿನಲ್ಲಿ ಗೇರು ಹಾಕಿ ಕ್ಲಚ್ ಬಿಟ್ಟಾಗ ಮುಳ್ಳು ಮೇಲೇರಿದರೆ ಕ್ಲಚ್ ಸರಿಯಿದ್ದು, ಮುಂದಿನ ಅಚ್ಚಿನಲ್ಲಿ ದೋಷವಿದೆ. ಮುಳ್ಳು ಏಳದಿದ್ದರೆ ಕ್ಲಚ್ ಅಥವಾ ಗೇರ್‌ಬಾಕ್ಸನ್ನು ನೋಡಬೇಕು.

ಒಂದು ಬದಿಯ ಕೀಲು ಮುರಿದರೂ ಇನ್ನೊಂದು ಚಕ್ರ ಕಾರನ್ನು ಎಳೆಯಲಾರದು. ಡಿಫರೆನ್ಷಿಯಲ್ ತನ್ನ ಚಲನೆಯನ್ನೆಲ್ಲ ತಡೆಯಿಲ್ಲದ ಕಡೆಗೆ, ಅಂದರೆ ಮುರಿದ ದಂಡಕ್ಕೆ, ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಇದೇ ಕಾರಣದಿಂದ ಗೇರಿನಲ್ಲಿಟ್ಟರೂ ಕಾರು ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಆದುದರಿಂದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಬೇಕು. ಕಳಚಿದ ದಂಡವು ತಿರುಗಿ ಬ್ರೇಕಿನ ಕೊಳವೆಯನ್ನು ಹರಿಯಬಹುದಾದ ಕಾರಣ ಮತ್ತೆ ಮತ್ತೆ ಎಂಜಿನ್ ಏರಿಸಬಾರದು. ಮುಂಚಕ್ರ ಚಾಲನೆಯ ಕಾರನ್ನು ಮುಂಭಾಗ ಎತ್ತಿ ಒಯ್ಯುವುದು ಸರಿಯಾದ ಕ್ರಮ.

ಬಿಗಿ ತಿರುವಿನ ಏರುದಾರಿಗಳಲ್ಲಿ ಕೀಲು ಬಹಳ ಬಾಗಿರುವಾಗಲೇ ಹೆಚ್ಚಿನ ಬಲವನ್ನು ಹೊರಬೇಕಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ದಾರಿ, ಮಸಿನಗುಡಿಯಿಂದ ಊಟಿಗೆ ಏರುವ 36 ತಿರುವುಗಳ ಕಲ್ಲಟ್ಟಿ ಘಾಟಿ ಇಂತಹವು. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳ ಮತ್ತು ತಮಿಳುನಾಡಿಗೆ ಸಾಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ಕಾಡಿನ ನಡುವೆ ಅಚ್ಚು ಮುರಿದರೆ ನೆರವು ದೊರೆಯುವುದು ಕಷ್ಟ. ಸದ್ದಿರುವ ಕಾರನ್ನು ಇಂತಹ ಪ್ರಯಾಣಕ್ಕೆ ಮೊದಲೇ ಪರೀಕ್ಷಿಸಿಕೊಳ್ಳುವುದು ವಿವೇಕ.

ದುರಸ್ತಿ

ಬೂಟು ಮಾತ್ರ ಹರಿದು ಕೀಲು ಇನ್ನೂ ಸದ್ದು ಮಾಡದಿದ್ದರೆ, ಕೀಲನ್ನು ಬಿಚ್ಚಿ ತೊಳೆದು, ಹೊಸ ಗ್ರೀಸ್ ತುಂಬಿ, ಹೊಸ ಬೂಟು ತೊಡಿಸಿದರೆ ಸಾಕಾಗಬಹುದು. ‘ಟಕ್ ಟಕ್’ ಸದ್ದು ಆರಂಭವಾದ ಮೇಲೆ ಗ್ರೀಸಿನಿಂದ ಸವೆತ ಮರಳಿ ತುಂಬದು; ಕೀಲನ್ನು ಅಥವಾ ಇಡೀ ದಂಡವನ್ನು ಬದಲಾಯಿಸಬೇಕು. ತಯಾರಿಕೆ ನಿಂತ ಕಾರುಗಳಿಗೆ ಬೇರೆ ಮಾದರಿಯ ಭಾಗವನ್ನು ಹೊಂದಿಸುವಾಗ ದಂಡದ ಉದ್ದ, ಎರಡೂ ತುದಿಗಳ ಹಲ್ಲುಗಳ ಸಂಖ್ಯೆ ಮತ್ತು ಸುತ್ತಳತೆಗಳನ್ನು ಹಳೆಯದರೊಂದಿಗೆ ಹೋಲಿಸಿ ನೋಡುವುದು ಅಗತ್ಯ.