ನಾಲ್ಕು ಕುರ್ಚಿ, ಮೂರು ತಲೆಮಾರು

ಅಪ್ಪನ ಕುರ್ಚಿ ಮಗನಿಗೆ, ಮಗನ ಕುರ್ಚಿ ಮೊಮ್ಮಗನಿಗೆ. ರಾಜಕೀಯದ ಸುದ್ದಿ ನೋಡಿ ನೋಡಿ ನಮಗೆಲ್ಲ ಇದು ಅಭ್ಯಾಸವಾಗಿಬಿಟ್ಟಿದೆ. ಇವತ್ತು ಹೇಳ್ತಿರೋದೂ ಅಂಥದ್ದೇ ಒಂದು ಮನೆತನದ ಕಥೆ. ಇಲ್ಲೂ ನಾಲ್ಕು ಕುರ್ಚಿ, ಮೂರು ತಲೆಮಾರು. ಆದ್ರೆ ಒಂದು ವ್ಯತ್ಯಾಸ ಇದೆ. ಇಲ್ಲಿ ಕುರ್ಚಿಯಲ್ಲಿ ಕೂತವನು ಗಿಟಾರ್ ನುಡಿಸಿ ತೋರಿಸಬೇಕು. ಬರಲಿಲ್ಲ ಅಂದ್ರೆ ಎರಡೇ ನಿಮಿಷದಲ್ಲಿ ಸಭೆಗೆಲ್ಲ ಗೊತ್ತಾಗುತ್ತೆ.

ಆ ಮನೆತನದ ಹೆಸರು ರೊಮೆರೊ. ಯಜಮಾನರು ಸೆಲೆಡೋನಿಯೊ ರೊಮೆರೊ. 1913ರಲ್ಲಿ ಕ್ಯೂಬಾದಲ್ಲಿ ಹುಟ್ಟಿ, ಸ್ಪೇನಿನ ಮಲಗಾ ಊರಲ್ಲಿ ಬೆಳೆದವರು. ಸೆಲಿನ್, ಪೆಪೆ, ಏಂಜೆಲ್ ಅಂತ ಮೂವರು ಗಂಡುಮಕ್ಕಳು. ಮೂವರಿಗೂ ಗಿಟಾರ್ ಕಲಿಸಿದ ಗುರು ಅಪ್ಪನೇ. ಪೆಪೆ ಏಳನೇ ವಯಸ್ಸಿಗೇ ಅಪ್ಪನ ಜೊತೆ ವೇದಿಕೆ ಹತ್ತಿದ.

ಆಗ ಸ್ಪೇನಿನಲ್ಲಿ ಜನರಲ್ ಫ್ರಾಂಕೊನ ಸರ್ವಾಧಿಕಾರ. ಸೆಲೆಡೋನಿಯೊ ಒಳ್ಳೆಯ ಕಲಾವಿದ ಅಂತ ದೇಶದೊಳಗೆ ಹೆಸರಿತ್ತು. ಹೊರದೇಶಕ್ಕೆ ಹೋಗಿ ಕಛೇರಿ ಮಾಡೋಣ ಅಂದ್ರೆ ಅನುಮತಿ ಇಲ್ಲ. ಕೊನೆಗೆ 1957ರಲ್ಲಿ ಕುಟುಂಬ ದೇಶ ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿತು. ಭಾಷೆ ಹೊಸದು, ಊರು ಹೊಸದು. ಕೈಯಲ್ಲಿದ್ದದ್ದು ಕಲಿತ ವಿದ್ಯೆ. 1960ರಲ್ಲಿ ಅಪ್ಪ ಮತ್ತು ಮೂವರು ಮಕ್ಕಳು ಸೇರಿ ನಾಲ್ಕು ಗಿಟಾರುಗಳ ತಂಡ ಕಟ್ಟಿದರು. ಅದೇ 'ದಿ ರೊಮೆರೋಸ್'.

ನಾಲ್ಕು ಜನ ಗಿಟಾರ್ ಹಿಡಿದು ಕೂರೋದರಲ್ಲಿ ಏನು ದೊಡ್ಡ ವಿಷಯ ಅಂತೀರಾ? ಸ್ವಲ್ಪ ಯೋಚನೆ ಮಾಡಿ. ಪಿಟೀಲಿನಲ್ಲಿ ಕಮಾನು ಎಳೀತಾ ಇದ್ದಷ್ಟು ಹೊತ್ತೂ ಸ್ವರ ನಿಲ್ಲುತ್ತೆ. ಗಿಟಾರಿನಲ್ಲಿ ತಂತಿ ಮೀಟಿದ ಮರುಕ್ಷಣವೇ ನಾದ ಇಳಿಯೋಕೆ ಶುರುವಾಗುತ್ತೆ. ಹಾಗಾಗಿ ನಾಲ್ಕು ಜನರೂ ಒಂದೇ ಕ್ಷಣದಲ್ಲಿ ಮೀಟಬೇಕು. ಒಬ್ಬ ಕೂದಲೆಳೆಯಷ್ಟು ತಡ ಮಾಡಿದರೂ ಕಾಳು ಚೆಲ್ಲಿದ ಹಾಗೆ ಕೇಳಿಸುತ್ತೆ. ಪಿಟೀಲು ತಂಡದಲ್ಲಿ ಮಂದ್ರಕ್ಕೆ ಚೆಲ್ಲೊ, ತಾರಕ್ಕೆ ವಯೊಲಿನ್ ಅಂತ ಬೇರೆ ಬೇರೆ ವಾದ್ಯಗಳಿರುತ್ತವೆ. ಇಲ್ಲಿ ನಾಲ್ಕೂ ಗಿಟಾರೇ. ಯಾರು ಯಾವಾಗ ಮುಂದೆ ಬರಬೇಕು, ಯಾರು ತಗ್ಗಬೇಕು ಅನ್ನೋ ಹೊಂದಾಣಿಕೆ ಇಲ್ಲದಿದ್ದರೆ ಎಲ್ಲ ಕಲಸಿ ಗದ್ದಲವಾಗುತ್ತೆ.

ಇನ್ನೊಂದು ತೊಡಕಿತ್ತು. ನುಡಿಸೋದು ಏನನ್ನ? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡವರು ಪಿಟೀಲು ತಂಡಕ್ಕೆ ರಾಶಿ ರಾಶಿ ಬರೆದಿದ್ದರು. ನಾಲ್ಕು ಗಿಟಾರಿಗೆ ಅಂಥ ಭಂಡಾರ ಇರಲಿಲ್ಲ. ಬೇರೆ ವಾದ್ಯಗಳ ಕೃತಿಗಳನ್ನ ಗಿಟಾರಿಗೆ ಒಗ್ಗಿಸಿಕೊಂಡರು. ಹೊಸದನ್ನು ಕೇಳಿ ಬರೆಸಿದರು. ಮೂರನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡು, ಬ್ರೈಲ್ ಲಿಪಿಯಲ್ಲಿ ಸಂಗೀತ ಬರೆಯುತ್ತಿದ್ದ ಸ್ಪೇನಿನ ಮಹಾನ್ ಸಂಯೋಜಕ ಹೊವಾಕಿನ್ ರೊಡ್ರಿಗೊ ಇವರಿಗಾಗಿ 'ಕಾನ್ಸಿಯೆರ್ಟೊ ಆಂಡಲೂಸ್' ರಚಿಸಿಕೊಟ್ಟರು. ನಾಲ್ಕು ಗಿಟಾರ್, ಜೊತೆಗೆ ಇಡೀ ಆರ್ಕೆಸ್ಟ್ರಾ. 1967ರ ನವೆಂಬರಿನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಅದು ಮೊದಲ ಬಾರಿ ಕೇಳಿಬಂತು. 1976ರಲ್ಲಿ ಫೆಡೆರಿಕೊ ಮೊರೆನೊ ತೊರೊಬಾ 'ಕಾನ್ಸಿಯೆರ್ಟೊ ಇಬೆರಿಕೊ' ಕೊಟ್ಟರು.

ಈಗ ಕುರ್ಚಿ ವಿಷಯಕ್ಕೆ ಬರೋಣ. 1990ರಲ್ಲಿ ಕಿರಿಯ ಮಗ ಏಂಜೆಲ್ ತಂಡ ಬಿಟ್ಟು ತಮ್ಮದೇ ದಾರಿ ಹಿಡಿದರು. ಮೂವತ್ತು ವರ್ಷ ಒಟ್ಟಿಗೆ ನುಡಿಸಿದ ನಾಲ್ವರಲ್ಲಿ ಒಬ್ಬ ಎದ್ದು ಹೋದರೆ ಎಷ್ಟೋ ತಂಡಗಳು ಅಲ್ಲೇ ಮುಗಿದುಹೋಗುತ್ತವೆ. ಇಲ್ಲಿ ಸೆಲಿನ್ ಅವರ ಮಗ ಸೆಲಿನೊ ಬಂದು ಕೂತರು. 1996ರಲ್ಲಿ ಯಜಮಾನ ಸೆಲೆಡೋನಿಯೊ ತೀರಿಕೊಂಡರು. ತಂಡ ಕಟ್ಟಿದವನೇ ಇಲ್ಲ. ಆ ಜಾಗಕ್ಕೆ ಬಂದವರು ಯಾರು ಗೊತ್ತಾ? ಲಿಟೊ ರೊಮೆರೊ. ತಂಡ ಬಿಟ್ಟುಹೋದ ಅದೇ ಏಂಜೆಲ್ ಅವರ ಮಗ! ಅಪ್ಪ ಹೊರಗೆ ನಡೆದ ಬಾಗಿಲಲ್ಲೇ ಮಗ ಒಳಗೆ ಬಂದ. ದೊಡ್ಡಪ್ಪಂದಿರು ಪಕ್ಕದಲ್ಲಿ ಕೂರಿಸಿಕೊಂಡರು.

ಇವರ ಪರಂಪರೆ ಮನೆಯೊಳಗೇ ಉಳಿಯಲಿಲ್ಲ ಅನ್ನೋದು ಇನ್ನೂ ಮುಖ್ಯ. ಪೆಪೆ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅವರ ಮಾರ್ಗದರ್ಶನದಲ್ಲಿ 1980ರಲ್ಲಿ ಹುಟ್ಟಿದ 'ಲಾಸ್ ಏಂಜಲೀಸ್ ಗಿಟಾರ್ ಕ್ವಾರ್ಟೆಟ್' 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. ಆ ತಂಡದಲ್ಲಿ ರೊಮೆರೊ ಅನ್ನೋ ಅಡ್ಡಹೆಸರಿನವರು ಒಬ್ಬರೂ ಇಲ್ಲ.

ಕಾಲ ಹೇಗೆ ತಿರುಗುತ್ತೆ ನೋಡಿ. 2000ದಲ್ಲಿ ಸ್ಪೇನಿನ ದೊರೆ ಹುವಾನ್ ಕಾರ್ಲೋಸ್, ಸೆಲಿನ್, ಪೆಪೆ, ಏಂಜೆಲ್ ಮೂವರಿಗೂ 'ಆರ್ಡರ್ ಆಫ್ ಇಸಬೆಲ್ಲಾ ದಿ ಕ್ಯಾಥೊಲಿಕ್' ಗೌರವ ಕೊಟ್ಟರು. ಅಪ್ಪನಿಗೆ ಗಡಿ ದಾಟೋಕೆ ಬಿಡದ ದೇಶ, ಮಕ್ಕಳನ್ನ ಸನ್ಮಾನಿಸಿತು. ತಂಡದಲ್ಲಿ ಉಳಿದವರು, ಬಿಟ್ಟವರು ಅನ್ನೋ ಭೇದವನ್ನೂ ಮಾಡಲಿಲ್ಲ.

ವಂಶ ಪಾರಂಪರ್ಯ ತಪ್ಪಾ ಸರಿಯಾ ಅಂತ ನಾವು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ರೊಮೆರೊ ಮನೆತನ ಕೊಡೋ ಉತ್ತರ ಸರಳ. ಅಪ್ಪ ಮಕ್ಕಳಿಗೆ ಕೊಟ್ಟಿದ್ದು ಮೊದಲು ವಿದ್ಯೆ, ಆಮೇಲೆ ಕುರ್ಚಿ. ಅನುಕ್ರಮ ಅದಲುಬದಲಾದಾಗಲೇ ಅಪಸ್ವರ ಶುರುವಾಗೋದು.