ಹತ್ತಡಿ ಎತ್ತರದ ಬಳೆ

ಬ್ಯಾಸ್ಕೆಟ್‌ಬಾಲ್ ಆಟದ ಕಬ್ಬಿಣದ ಬಳೆ ನೆಲದಿಂದ ಹತ್ತಡಿ ಎತ್ತರದಲ್ಲಿರುತ್ತದೆ. ಹೆಬ್ಬೂರಿನ ಬಯಲಿನಲ್ಲಿ ಕಂಬ ನೆಟ್ಟರೂ ಅಷ್ಟೆ, ಅಮೆರಿಕದಲ್ಲಿ ನೆಟ್ಟರೂ ಅಷ್ಟೆ. ಆದರೆ ಆ ಬಳೆಯೊಳಗೆ ಚೆಂಡು ಹಾಕುವುದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬಯಸುವ ನಮ್ಮ ಹೆಣ್ಣುಮಕ್ಕಳಿಗೆ ಹಾದಿ ಯಾವುದು? ಇಲ್ಲಿ ಬಹುಕಾಲ ಅವರಿಗೆ ಆಸರೆಯಾದುದು ರೈಲ್ವೆ ನೌಕರಿ. ಆಡಿದ್ದು ಅಂಗಳದಲ್ಲಿ, ಸಂಬಳ ಮಾತ್ರ ಕಚೇರಿಯದು!

ದಕ್ಷಿಣ ರೈಲ್ವೆಯ ಆಟಗಾರ್ತಿ ಗೀತು ಅನ್ನಾ ಜೋಸ್ ಕಡಲಾಚೆಗೂ ದೃಷ್ಟಿ ಹಾಯಿಸಿದರು. ನೆರೆಯ ಕೇರಳದ ಕೋಟ್ಟಯಂ ಕಡೆಯವರು. ಆರಡಿ ಮೀರಿದ ನಿಲುವು. 2006ರಲ್ಲಿ ಆಸ್ಟ್ರೇಲಿಯದ ರಿಂಗ್‌ವುಡ್ ಹಾಕ್ಸ್ ತಂಡವನ್ನು ಸೇರಿ 2008ರವರೆಗೆ ಅದರ ಪರವಾಗಿ ಆಡಿದರು. 2011ರಲ್ಲಿ ಅಮೆರಿಕದ ವೃತ್ತಿಪರ ಮಹಿಳಾ ಲೀಗಿನ ಷಿಕಾಗೋ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೋ ತಂಡಗಳು ಅವರ ಆಟವನ್ನು ಪರೀಕ್ಷಿಸಲು ಕರೆದುವು. ಆ ಲೀಗಿನಲ್ಲಿ ಆಗ ಇದ್ದುದು 12 ತಂಡ. ತಂಡಕ್ಕೆ ಹೆಚ್ಚೆಂದರೆ 11 ಮಂದಿ. ಜಗತ್ತಿನ ಆಟಗಾರ್ತಿಯರಿಗೆಲ್ಲ 132 ಸ್ಥಾನ! ಗೀತು ಅವರಿಗೆ ಅದರಲ್ಲೊಂದು ದೊರೆಯಲಿಲ್ಲ. ಇದನ್ನು ಸೋಲೆನ್ನುವವರು ಲೆಕ್ಕ ಬಲ್ಲವರಲ್ಲ. 2014ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಬೆಂಗಳೂರಿನ ಸಂಜನಾ ರಮೇಶ್ ಹಿಡಿದುದು ಬೇರೆ ಹಾದಿ. ನೌಕರಿಯೂ ಅಲ್ಲ, ವೃತ್ತಿಪರ ತಂಡವೂ ಅಲ್ಲ, ವಿದ್ಯಾರ್ಥಿವೇತನ. ಆಟದ ಬಲದಿಂದಲೇ ಅವರು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸೇರಿ, ಓದುತ್ತಲೇ ಅದರ ತಂಡದಲ್ಲಿ ಆಡಿದರು. ಅದಿರುವ ಫ್ಲಾಗ್‌ಸ್ಟಾಫ್ ಪಟ್ಟಣ ಸಮುದ್ರಮಟ್ಟಕ್ಕಿಂತ ಸುಮಾರು 7,000 ಅಡಿ ಮೇಲಿದೆ. ಬೆಂಗಳೂರಿನ ಎತ್ತರದ ಎರಡರಷ್ಟಕ್ಕೂ ಮಿಗಿಲು. ಗಾಳಿ ತೆಳು, ಹೊಸಬರು ಓಡತೊಡಗಿದರೆ ಬೇಗನೆ ಏದುಸಿರು. ಬಳೆ ಮಾತ್ರ ಅಲ್ಲಿಯೂ ಹತ್ತೇ ಅಡಿ.